ಕಡಲಿಗೆ ಮುಖ ಮಾಡಿದ ಊರುಗಳು

ಕರಾವಳಿಯ ಹಳೆಯ ಊರುಗಳನ್ನು ಕಟ್ಟಿದವರು ಕಡಲಿನ ಕಡೆಗೆ ಮುಖ ಮಾಡಿ ಕಟ್ಟಿದರು. ಸರಕು ಬರುತ್ತಿದ್ದುದು ಆ ಕಡೆಯಿಂದ, ಸುದ್ದಿ ಬರುತ್ತಿದ್ದುದು ಆ ಕಡೆಯಿಂದ, ಅನ್ನ ಬರುತ್ತಿದ್ದುದೂ ದಂಡು ಬರುತ್ತಿದ್ದುದೂ ಆ ಕಡೆಯಿಂದಲೇ. ಇವತ್ತು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಂಗಳೂರಿನಿಂದ ಕಾರವಾರದತ್ತ ಓಡುವ ನಮಗೆ ಕಾಣುವುದು ಆ ಊರುಗಳ ಹಿತ್ತಿಲು. ಸೇತುವೆ ಹಾಯುವಾಗ ಅರೆನಿಮಿಷ ನದಿ ಕಾಣುತ್ತದೆ, ತೆಂಗಿನ ತೋಟದಾಚೆ ಪಡುವಣದಲ್ಲಿ ಏನೋ ಬೆಳ್ಳಗೆ ಮಿನುಗುತ್ತದೆ. ಏನದು ಎಂದು ನೋಡುವಷ್ಟರಲ್ಲಿ ಮುಂದಿನ ಪೇಟೆ ಬಂದಿರುತ್ತದೆ.

ಈ ಊರುಗಳ ಎದುರಂಗಳ ಕಾಣಬೇಕಾದರೆ ನೀರಿನಿಂದ ನೋಡಬೇಕು. ಕೈ ಚಾಚಿದರೆ ನೀರು ಸಿಗುವಂಥ ಸಣ್ಣ ಎಂಜಿನ್ ದೋಣಿಯಲ್ಲಿ, ಗೆಳೆಯರ ಜೊತೆ, ಅವಸರವಿಲ್ಲದೆ ನೋಡಬೇಕು. ಡಿಸೆಂಬರ್ ಕೊನೆಯ ಒಂದು ಶನಿವಾರ, ಭಾನುವಾರ ನಾವು ಹೀಗೆ ಮಲ್ಪೆಯಿಂದ ಗಂಗೊಳ್ಳಿಯವರೆಗೆ ಹೋದೆವು. ದ್ವೀಪದ ಸುತ್ತು, ಅಳಿವೆಯ ಒಳಹೊರಗು ಎಲ್ಲ ಸೇರಿ ಸುಮಾರು 40 ಕಿಲೋಮೀಟರ್. ಕಾರಿಗೆ ಅದು ಒಂದು ಗಂಟೆಯ ದಾರಿ. ದೋಣಿಗೆ ಎರಡು ದಿನವೂ ಸಾಲದು ಅನ್ನಿಸುವಷ್ಟು ಆ ದಾರಿಯಲ್ಲಿ ತುಂಬಿಕೊಂಡಿದೆ.

ನಮ್ಮದು ಮೂರು ನಾಡದೋಣಿ. ಮರದ ಬದಲು ಫೈಬರ್ ಬಂದಿದ್ದರೂ ಅವುಗಳ ಮೈಕಟ್ಟು ಹಳೆಯದೇ: ತೆರೆ ಸೀಳಲು ಎತ್ತರಿಸಿದ ಚೂಪು ಮೂತಿ, ಉದ್ದನೆಯ ಸಪೂರ ಒಡಲು, ಅಡ್ಡಕ್ಕೆ ನಾಲ್ಕು ಹಲಗೆ. ಹಿಂದೆ ತೂಗುವ ಎಂಜಿನ್ ಹತ್ತು ಅಶ್ವಶಕ್ತಿಯ ಒಳಗಿನದು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತರುತ್ತಾರೆ. ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ವೇಗದಲ್ಲಿ ಅದರ ದನಿ ಯಕ್ಷಗಾನದ ಶ್ರುತಿಪೆಟ್ಟಿಗೆಯ ಹಾಗೆ ಒಂದೇ ಸಮನೆ ಹಿಂದೆ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಕಿವಿ ಅದನ್ನು ಮರೆತು, ಅದರ ಮೇಲೆ ಮೂಡುವ ಬೇರೆ ಸದ್ದುಗಳನ್ನು ಆಯ್ದುಕೊಳ್ಳುತ್ತದೆ: ಮೂತಿಗೆ ಬಡಿದು ಒಡೆಯುವ ನೀರು, ಹಲಗೆಯ ಕೆಳಗೆ ಉರುಳುವ ಖಾಲಿ ಕ್ಯಾನು, ಪಕ್ಕದ ದೋಣಿಯವರ ನಗು.

ಎಂಜಿನ್ ಹಿಡಿದವರು ಮೂವರೂ ಈ ನೀರಿನಲ್ಲೇ ಬೆಳೆದ ಮೊಗವೀರ ಗೆಳೆಯರು. ಉಳಿದವರಲ್ಲಿ ಒಬ್ಬರು ಕೋಟದ ಕಡೆಯ ಶಾಲಾ ಮೇಷ್ಟ್ರು, ಒಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರು, ಇಬ್ಬರು ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಬಂದವರು. ದೋಣಿ ನಡೆಸುವ ಹಿರಿಯ ತಾಂಡೇಲರ ಮಾತೇ ಎಲ್ಲರಿಗೂ ಕಡೆಯ ಮಾತು ಎಂದು ಹೊರಡುವ ಮುನ್ನವೇ ಒಪ್ಪಿಕೊಂಡಿದ್ದೆವು.

ಬೆಳಗಿನ ಆರಕ್ಕೆ ಮಲ್ಪೆ ಬಂದರು ಎಚ್ಚರವಾಗಿ ಎಷ್ಟೋ ಹೊತ್ತಾಗಿತ್ತು. ಧಕ್ಕೆಯ ಮೇಲೆ ಏಲಂ ಕೂಗು, ಐಸ್ ಪುಡಿ ಮಾಡುವ ಯಂತ್ರದ ಗರಗರ, ಬುಟ್ಟಿ ಹೊತ್ತು ಸರಸರ ನಡೆಯುವ ಹೆಂಗಸರು. ದಡದಲ್ಲಿ ನಿಂತು ನೋಡುವಾಗ ಇದೆಲ್ಲ ಒಂದು ಗಲಾಟೆ. ನೀರಿನಿಂದ ನೋಡುವಾಗ ಇದಕ್ಕೊಂದು ಅಂದವಿದೆ. ಟ್ರಾಲ್ ಬೋಟುಗಳು, ಪರ್ಸೀನ್ ಬೋಟುಗಳು ಒಂದಕ್ಕೊಂದು ಮೈ ತಾಗಿಸಿ ಸಾಲುಸಾಲಾಗಿ ನಿಂತಿರುತ್ತವೆ. ಅವುಗಳ ನೀಲಿ, ಕೇಸರಿ, ಹಸಿರು ಒಡಲುಗಳು ನಮ್ಮ ತಲೆಯ ಮೇಲೆ ಗೋಡೆಯಷ್ಟು ಎತ್ತರಕ್ಕೆ ಏಳುತ್ತವೆ. ಮೂತಿಗೆ ಹಾಕಿದ ಹೂವಿನ ಮಾಲೆ ಬಾಡಿದೆ. ಅದರ ಕೆಳಗೆ ಬರೆದ ದೇವರ ಹೆಸರು ನೀರಿನಲ್ಲಿ ತಲೆಕೆಳಗಾಗಿ ನಡುಗುತ್ತದೆ. ಆ ಬಣ್ಣದ ಓಣಿಯಲ್ಲಿ ನಮ್ಮ ದೋಣಿಗಳು ಒಂದರ ಹಿಂದೊಂದು ನುಸುಳಿ ಹೊರಬಂದವು.

ಬಂದರಿನ ಹತ್ತಿರವೇ ದರಿಯಾ ಬಹಾದೂರ್‌ಗಡ. ಬಿದನೂರಿನ ಬಸಪ್ಪ ನಾಯಕ ಕೋಟೆ ಕಟ್ಟಿಸಿದ ದ್ವೀಪ ಅದು. ದಡದ ಕಡೆ ವಡಭಾಂಡೇಶ್ವರ. ಈ ತೀರದಲ್ಲೇ ಬಿರುಗಾಳಿಗೆ ಸಿಕ್ಕ ಹಡಗಿಗೆ ಮಧ್ವಾಚಾರ್ಯರು ಬಟ್ಟೆ ಬೀಸಿ ದಾರಿ ತೋರಿದರು, ಹಡಗಿನವರು ಕೊಟ್ಟ ಗೋಪೀಚಂದನದ ಗಡ್ಡೆಯೊಳಗೆ ಉಡುಪಿಯ ಕೃಷ್ಣ ಇದ್ದ ಎಂಬುದು ಇಲ್ಲಿ ಮನೆಮನೆಯ ಕಥೆ. ನಾವೆಲ್ಲ ಆ ಕಥೆಯನ್ನು ದಡದಲ್ಲಿ ನಿಂತೇ ಕಲ್ಪಿಸಿಕೊಂಡವರು. ಹಡಗು ಒದ್ದಾಡಿದ ನೀರಿನ ಕಡೆಯಿಂದ ನೋಡಿದಾಗ ದಡ ಒಂದು ತೆಳ್ಳನೆಯ ಬಿಳಿ ಗೆರೆ, ಅದರ ಮೇಲೆ ತೆಂಗಿನ ಕಪ್ಪು ಗೆರೆ, ಅಷ್ಟೇ. ಆ ಎರಡು ಗೆರೆಗಳ ನಡುವೆ ಯಾರೋ ಬೀಸಿದ ಒಂದು ಬಟ್ಟೆ ಕಂಡರೆ ಜೀವಕ್ಕೆ ಎಷ್ಟು ಧೈರ್ಯ ಬಂದೀತು ಎಂಬುದು ದೋಣಿಯಲ್ಲಿ ಕುಳಿತವರಿಗೆ ತಟ್ಟನೆ ಅರ್ಥವಾಗುತ್ತದೆ.

ಚಳಿಗಾಲದ ಬೆಳಗಿನಲ್ಲಿ ಇಲ್ಲಿ ಬೀಸುವುದು ಮೂಡಣ ಗಾಳಿ. ರಾತ್ರಿಯಿಡೀ ತಣಿದ ನೆಲದಿಂದ ಇನ್ನೂ ಬೆಚ್ಚಗಿರುವ ಕಡಲಿನತ್ತ ಅದು ಮೆಲ್ಲನೆ ಹರಿಯುತ್ತದೆ. ಬಿಸಿಲು ಏರಿ ನೆಲ ಕಾದ ಮೇಲೆ ದಿಕ್ಕು ತಿರುಗಿ ಪಡುಗಾಳಿ ಏಳುತ್ತದೆ. ಹಾಗಾಗಿ ಹತ್ತು ಹನ್ನೊಂದು ಗಂಟೆಯವರೆಗಿನ ಕಡಲು ಸಣ್ಣ ದೋಣಿಗಳದ್ದು: ತೆರೆಗೆ ತಲೆಯಿಲ್ಲ, ಬರಿಯ ನಿಧಾನದ ಉಸಿರಾಟ. ಆ ಗಾಳಿ ಊರಿನ ವಾಸನೆಗಳನ್ನೆಲ್ಲ ಹೊತ್ತು ತರುತ್ತದೆ. ತರಗೆಲೆ ಸುಟ್ಟ ಹೊಗೆ, ಒಣಗಲು ಹಾಕಿದ ಮೀನು, ಬಚ್ಚಲೊಲೆಯ ತೆಂಗಿನ ಮಡಲು, ಇಬ್ಬನಿ ಬಿದ್ದ ಗದ್ದೆ. ದಡದಿಂದ ಎರಡು ಕಿಲೋಮೀಟರ್ ಆಚೆ ಕುಳಿತು, ಯಾವ ಮನೆಯಲ್ಲಿ ಏನು ಒಲೆಗೆ ಹಾಕಿದ್ದಾರೆ ಎಂದು ಊಹಿಸಬಹುದು.

ಆಮೇಲೆ ಸಹ್ಯಾದ್ರಿ. ಸೂರ್ಯ ಹುಟ್ಟುವ ಮುಂಚಿನ ಹತ್ತು ಹದಿನೈದು ನಿಮಿಷ ಬೆಟ್ಟಗಳ ಸಾಲು ಒಂದೇ ಕಪ್ಪು ಅಂಚಾಗಿ ನಿಂತಿತ್ತು. ಅಮಾವಾಸ್ಯೆ ಹತ್ತಿರವಿದ್ದುದರಿಂದ ಅದರ ಮೇಲೆ ಸವೆದು ಗೀರಾದ ಚಂದ್ರ. ಆಗ್ನೇಯಕ್ಕೆ 1,894 ಮೀಟರ್ ಎತ್ತರದ ಕುದುರೆಮುಖ, ಈಶಾನ್ಯಕ್ಕೆ 1,343 ಮೀಟರಿನ ಕೊಡಚಾದ್ರಿ. ಕುದುರೆಮುಖದ ಶಿಖರ ಹಿಂದಿನಿಂದಲೂ ಹಡಗಿನವರಿಗೆ ದಿಕ್ಕಿನ ಗುರುತು. ಹೆದ್ದಾರಿಯಲ್ಲಿ ಕಟ್ಟಡ, ತೋಟಗಳ ಮರೆಯಲ್ಲಿರುವ ಅದು ಕಡಲಿನಿಂದ ಇಡಿಯಾಗಿ ಕಾಣುತ್ತದೆ. ಶಿಖರದಿಂದ ಕಾಡಿಗೆ, ಕಾಡಿನಿಂದ ಅಡಿಕೆ ತೋಟಕ್ಕೆ, ಮುರಕಲ್ಲಿನ ಪದವಿಗೆ, ಗದ್ದೆಗೆ, ತೆಂಗಿಗೆ, ಮರಳಿಗೆ: ಒಂದು ಜಿಲ್ಲೆಯ ನೆಲವೆಲ್ಲ ಒಂದೇ ನೋಟದಲ್ಲಿ ಮೆಟ್ಟಿಲಿಳಿದು ಬಂದು ನಮ್ಮ ದೋಣಿಯ ಮುಂದೆ ಮುಗಿಯುತ್ತದೆ. ಬಿಸಿಲು ಬಲಿತಂತೆ ಮಬ್ಬು ಕವಿದು ಬೆಟ್ಟ ಮರೆಯಾಯಿತು. ಅಷ್ಟು ಬೇಗ ಎದ್ದು ಹೊರಟದ್ದು ಸಾರ್ಥಕವಾಯಿತು.

ಮಲ್ಪೆಯಿಂದ ಸುಮಾರು ಆರು ಕಿಲೋಮೀಟರ್ ದೂರದಲ್ಲಿ ಸೇಂಟ್ ಮೇರಿಸ್ ದ್ವೀಪಗಳು. ಊರವರ ಬಾಯಲ್ಲಿ ತೋನ್ಸೆಪಾರ್. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಗೆ ಬಂದು ಸಂತ ಮೇರಿಯ ಹೆಸರಿಟ್ಟ ಎಂಬ ಪ್ರತೀತಿಯಿದೆ. ಪ್ರವಾಸಿ ಬೋಟಿನಲ್ಲಿ ಬಂದವರು ದ್ವೀಪದ ಮೇಲೆ ಓಡಾಡಿ ಕಲ್ಲುಕಂಬಗಳ ತಲೆ ನೋಡುತ್ತಾರೆ. ನಾವು ಇಳಿಯದೆ, ಬಂಡೆಗಳಿಂದ ದೂರ ಉಳಿದು ನಿಧಾನವಾಗಿ ಸುತ್ತು ಹಾಕಿದೆವು. ಹಾಗಾಗಿ ಅವುಗಳ ನಿಲುವು ಕಂಡಿತು.

ಆ ನಿಲುವನ್ನು ಎಷ್ಟು ಹೊತ್ತು ನೋಡಿದರೂ ಸಾಕಾಗುವುದಿಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬಿರಿದು ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಇದು. ತಣಿಯುವಾಗ ಲಾವಾ ಕುಗ್ಗುತ್ತದೆ, ಕುಗ್ಗುವಾಗ ಬಿರಿಯುತ್ತದೆ, ಬಿರುಕುಗಳು ಮೇಲ್ಮೈಯಿಂದ ಒಳಕ್ಕೆ ಇಳಿಯುತ್ತ ಐದು, ಆರು, ಏಳು ಮಗ್ಗುಲಿನ ಕಂಬಗಳನ್ನು ಬಿಡಿಸುತ್ತ ಹೋಗುತ್ತವೆ. ಇಂಥ ಕಂಬಗಳು ಹೆಚ್ಚಾಗಿ ಕಾಣುವುದು ಕಪ್ಪು ಬಸಾಲ್ಟಿನಲ್ಲಿ. ಇಲ್ಲಿಯದು ರಯೋಲೈಟ್ ಬಳಗದ ಶಿಲೆಯಾದ್ದರಿಂದ ಅಪರೂಪ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಯಲ್ಲಿಟ್ಟಿದೆ. ನೀರಿನ ಮಟ್ಟದಿಂದ ನೋಡಿದಾಗ ಕಂಬದ ಬುಡ ಒದ್ದೆಯಾಗಿ ಕಡುಗಪ್ಪು. ಅದರ ಮೇಲೆ ಭರತ ಏರುವ ಎತ್ತರದವರೆಗೆ ಚಿಪ್ಪುಜೀವಿಗಳ ಬೂದುಬಿಳಿ ಪಟ್ಟಿ. ಅದಕ್ಕೂ ಮೇಲೆ ಒಣಗಲ್ಲಿನ ತಿಳಿಗಂದು. ಪ್ರತಿ ತೆರೆಯೂ ಕಂಬಗಳ ಸಂದಿಗೆ ನುಗ್ಗಿ, ಒಳಗೆಲ್ಲೋ ಗುಡುಗಿ, ನೊರೆಯಾಗಿ ಜಾರಿ ಬರುತ್ತದೆ. ಒಂದೊಂದು ಸಂದಿಯ ಸದ್ದೂ ಬೇರೆ. ಬೆಂಗಳೂರಿನ ಗೆಳೆಯನೊಬ್ಬ ಫೋನನ್ನು ಚೀಲದೊಳಗಿಟ್ಟು, ಕಣ್ಣುಮುಚ್ಚಿ, ಬರಿದೇ ಕೇಳುತ್ತ ಕುಳಿತ.

ಪಡುಗಾಳಿ ಶುರುವಾಗುವ ಹೊತ್ತಿಗೆ ದ್ವೀಪದ ಮೂಡಣ ಮರೆಗೆ ಬಂದು ಲಂಗರು ಹಾಕಿದೆವು. ಮೂರೂ ದೋಣಿಗಳನ್ನು ಅಕ್ಕಪಕ್ಕ ಕಟ್ಟಿ, ನಡುವೆ ಹಳೆಯ ಟಯರು ತೂಗಿಬಿಟ್ಟು, ಎಂಜಿನ್ ನಿಲ್ಲಿಸಿದೆವು. ಇಡೀ ಪಯಣದ ಅತಿ ಸವಿಯಾದ ಕ್ಷಣ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಬುತ್ತಿ ಬಿಚ್ಚಿದರೆ ಕೇದಗೆ ಎಲೆಯ ಕೊಳವೆಯಲ್ಲಿ ಬೆಂದ ಮೂಡೆ, ಜೊತೆಗೆ ಒಣಸೀಗಡಿ ಚಟ್ನಿ. ಕಡಲಿನ ಬುತ್ತಿಗೆ ಇದಕ್ಕಿಂತ ಒಳ್ಳೆಯ ತಿಂಡಿಯಿಲ್ಲ. ಮೂಡೆ ಬಿಸಿಲಿಗೆ ಹಳಸದು, ನೀರು ತಾಗಿದರೂ ಎಲೆ ಕಾಯುತ್ತದೆ, ಸುರುಳಿ ಬಿಚ್ಚುವಾಗ ಏಳುವ ಕೇದಗೆಯ ಕಂಪು ಉಪ್ಪುಗಾಳಿಯಲ್ಲಿ ಇನ್ನಷ್ಟು ನಿಚ್ಚಳ. ಸೀಗಡಿಯ ಖಾರಕ್ಕೆ ಫ್ಲಾಸ್ಕಿನ ಚಹಾ. ಒಂದು ದೋಣಿಯ ಬುತ್ತಿ ಮೂರು ದೋಣಿಗಳಲ್ಲಿ ಕೈಯಿಂದ ಕೈಗೆ ದಾಟಿತು.

ಸಣ್ಣ ದೋಣಿಗಳ ಗುಂಪಿನಲ್ಲಿ ಗೆಳೆತನಕ್ಕೂ ಒಂದು ವಿಶೇಷ ಲಯ ಸಿಗುತ್ತದೆ. ಎಂಜಿನ್ ಓಡುವಾಗ ದೋಣಿಯಿಂದ ದೋಣಿಗೆ ಮಾತು ಕೇಳಿಸದು. ಕೈಸನ್ನೆ ಮಾತ್ರ: ಅಲ್ಲಿ ಬಲೆಯಿದೆ, ಇಲ್ಲಿ ಆಳ ಕಡಿಮೆ, ಅಗೋ ಗರುಡ. ಇನ್ನೂರು ಮಾರು ದೂರದಲ್ಲಿ ಗೆಳೆಯ ಕುಳಿತಿದ್ದಾನೆ. ಅವನ ಹಿಂದೆ ಬಯಲಾದ ನೀರು, ಅವನ ಬೆನ್ನು, ಟೋಪಿ, ಎತ್ತಿದ ಕೈ. ದಿನವೂ ಎದುರು ಕೂತು ಮಾತಾಡುವವರನ್ನು ಹೀಗೆ ಇಡಿಯಾಗಿ, ಮೌನವಾಗಿ ನೋಡುವ ಅವಕಾಶ ಬೇರೆಲ್ಲಿ ಸಿಕ್ಕೀತು! ಎಂಜಿನ್ ನಿಂತ ಮೇಲೆ ಬರುವ ಮಾತು ಆ ಮೌನದಲ್ಲಿ ಹದಗೊಂಡು ಬರುತ್ತದೆ. ಯಾರೂ ಒಬ್ಬರ ಮಾತಿಗೆ ಅಡ್ಡ ಬರುವುದಿಲ್ಲ. ಮ್ಯಾನೇಜರು ತಮ್ಮ ತಂದೆ ಮಂಜಿ ಹಡಗಿನಲ್ಲಿ ಹೆಂಚು ಸಾಗಿಸುತ್ತಿದ್ದ ಕಾಲದ ಮಾತು ಎತ್ತಿದರು. ಇಷ್ಟು ವರ್ಷದ ಒಡನಾಟದಲ್ಲಿ ನಮಗೆ ಅದು ಗೊತ್ತೇ ಇರಲಿಲ್ಲ.

ಅಲ್ಲಿಂದ ಬಡಗಕ್ಕೆ ಕೋಡಿಬೆಂಗ್ರೆ. ಸ್ವರ್ಣಾ ಮತ್ತು ಸೀತಾ ನದಿಗಳು ಕೂಡಿ ಕಡಲು ಸೇರುವ ಅಳಿವೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ, ನಡುವೆ ಒಂದು ಸಪೂರ ಮರಳಿನ ನಾಲಗೆ. ಅದರ ಮೇಲೆ ಮನೆ, ತೆಂಗು, ಶಾಲೆ. ಹೊಳೆಯಾಚೆ ಹಂಗಾರಕಟ್ಟೆ. ತೀರಗುಂಟ ಬರುವವರಿಗೆ ಇಲ್ಲಿ ಭಾಷೆಯೂ ಬದಲಾಗುತ್ತದೆ: ಮಲ್ಪೆಯ ತುಳು ಹಿಂದೆ ಸರಿದು ಕುಂದಾಪ್ರ ಕನ್ನಡ ಮುಂದೆ ಬರುತ್ತದೆ. ಹೆದ್ದಾರಿಯಲ್ಲಿ ಬೋರ್ಡುಗಳೆಲ್ಲ ಒಂದೇ ಥರ. ನೀರಿನಲ್ಲಿ ಎದುರಾದ ದೋಣಿಯವರು ಕೂಗಿ ಕೇಳುವ ಕ್ಷೇಮಸಮಾಚಾರದಲ್ಲಿ ಈ ಗಡಿ ಸ್ಪಷ್ಟ.

ಅಳಿವೆಯ ಹೊರಗೆ ತಾಂಡೇಲರು ದೋಣಿ ನಿಲ್ಲಿಸಿದರು. ಇಳಿತದ ಹೊತ್ತು. ಹೊಳೆಯ ನೀರು ರಭಸವಾಗಿ ಹೊರಕ್ಕೆ ಬರುತ್ತಿರುತ್ತದೆ, ಕಡಲಿನ ತೆರೆ ಒಳಕ್ಕೆ ನುಗ್ಗುತ್ತಿರುತ್ತದೆ, ಎರಡೂ ಮರಳುದಿಬ್ಬದ ಮೇಲೆ ಡಿಕ್ಕಿಯಾಗಿ ಎದ್ದು ನಿಲ್ಲುತ್ತವೆ. ಸಣ್ಣ ದೋಣಿ ಮಗುಚಲು ಅಷ್ಟು ಸಾಕು. “ಗಡಿಬಿಡಿ ಬ್ಯಾಡ ಮರಾಯ್ರೆ. ನೀರ್ ಏರ್ಲಿ, ಆಮೇಲ್ ಕಾಂಬ,” ಅಂದರು ತಾಂಡೇಲರು. ಸುಮ್ಮನೆ ತೇಲಿಕೊಂಡು ಕಾದೆವು. ನೀರಿನ ಬಣ್ಣ ಬದಲಾಗುವುದು ಕಾಣುತ್ತಿತ್ತು: ಹೊಳೆಯ ಕಂದು ನಾಲಗೆ ಮೊದಲು ನಮ್ಮ ದೋಣಿಯವರೆಗೆ ಚಾಚಿಕೊಂಡಿತ್ತು, ಆಮೇಲೆ ನಿಂತಿತು, ಆಮೇಲೆ ಹಿಂದಕ್ಕೆ ಸರಿಯತೊಡಗಿತು. ಅದರ ಜಾಗಕ್ಕೆ ಕಡಲಿನ ಹಸಿರು ಬಂತು. ಆ ಗಡಿಯ ಗೆರೆಯ ಮೇಲೆ ರೀವ ಹಕ್ಕಿಗಳು ಒಂದೊಂದಾಗಿ ಮುಳುಗಿ ಮೀನು ಹೆಕ್ಕಿದವು. ದಿಬ್ಬದ ಮೇಲಿನ ನೊರೆ ತಗ್ಗಿದ ಮೇಲೆ ತಾಂಡೇಲರು ಒಂದು ದೊಡ್ಡ ತೆರೆಯನ್ನು ಮುಂದೆ ಹೋಗಲು ಬಿಟ್ಟು, ಅದರ ಬೆನ್ನು ಹಿಡಿದು ಒಳಗೆ ನಡೆಸಿದರು. ಹಿಂದಿನ ಎರಡು ದೋಣಿಗಳು ಅದೇ ಜಾಡಿನಲ್ಲಿ ಬಂದವು. ಒಳಗೆ ಬಂದರೆ ಹೊಳೆ ತಟ್ಟೆಯಷ್ಟು ಸಪಾಟ.

ರಾತ್ರಿ ಗೆಳೆಯರ ಮನೆಯ ಊಟದಲ್ಲಿ ಹೊಳೆ, ಕಡಲು ಎರಡೂ ಬಂದಿದ್ದವು. ಹೊಳೆಯಿಂದ ಮರುವಾಯಿ, ಇಳಿತದ ಹೊತ್ತಿನಲ್ಲಿ ಸೊಂಟದುದ್ದ ನೀರಿನಲ್ಲಿ ನಿಂತು ಕೈಯಿಂದ ಆರಿಸಿದ್ದು, ತೆಂಗಿನತುರಿ ಹುರಿದು ಹಾಕಿ ಸುಕ್ಕ ಮಾಡಿದ್ದು. ಕಡಲಿನಿಂದ ಬಂಗುಡೆ, ಹುಣಸೆಯೂ ಬ್ಯಾಡಗಿ ಮೆಣಸೂ ಒಂದನ್ನೊಂದು ಮೀರದಂತೆ ಅರೆದ ಪುಳಿಮುಂಚಿ. ಕುಚ್ಚಲಕ್ಕಿ ಅನ್ನದ ದಪ್ಪ ಅಗುಳಿನ ಮೇಲೆ ಆ ಸಾರು ನಿಧಾನವಾಗಿ ಇಳಿಯಬೇಕು. ಮೊದಲು ಹುಳಿ ತಾಗುತ್ತದೆ, ಖಾರ ಹಿಂದಿನಿಂದ ಬರುತ್ತದೆ, ಕಡೆಯಲ್ಲಿ ಉಳಿಯುವುದು ತಾಜಾ ಮೀನಿನ ಸಿಹಿ. ಬಂಗುಡೆಗೆ ಸಿಹಿಯಿದೆ ಎಂಬುದು ಬಲೆಯಿಂದ ಒಲೆಗೆ ಬಂದದ್ದನ್ನು ಉಂಡವರಿಗಷ್ಟೇ ಗೊತ್ತು.

ಊಟವಾದ ಮೇಲೆ ಎಂಜಿನ್ ಎತ್ತಿಟ್ಟು, ಹುಟ್ಟು ಹಾಕಿ ದಡದಂಚಿನಲ್ಲೇ ಸ್ವಲ್ಪ ದೂರ ಹೋದೆವು. ಚಂದ್ರನಿಲ್ಲದ ರಾತ್ರಿ. ಹುಟ್ಟು ಮುಳುಗಿದಲ್ಲೆಲ್ಲ ನೀರು ನೀಲಿಯಾಗಿ ಹೊತ್ತಿಕೊಂಡು ಆರುತ್ತಿತ್ತು. ನಾಕ್ಟಿಲ್ಯೂಕ ಎಂಬ ಸೂಕ್ಷ್ಮಜೀವಿ ಕಲಕಿದಾಗ ಬೆಳಕು ಬಿಡುತ್ತದೆ. ಮಳೆಗಾಲ ಕಳೆದ ಮೇಲೆ ಈ ತೀರದಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಅತಿಯಾಗಿ ಹಬ್ಬಿದರೆ ನೀರಿನ ಪ್ರಾಣವಾಯು ಕುಗ್ಗಿ ಮೀನಿಗೆ ತೊಂದರೆಯೂ ಹೌದು ಎಂದು ಮೇಷ್ಟ್ರು ಹೇಳಿದರು. ಅಂದು ಕಂಡದ್ದು ತುಸುವೇ. ಕೈಯದ್ದಿ ಎತ್ತಿದರೆ ಬೆರಳ ತುದಿಗಳಿಂದ ಬೆಳಕಿನ ಹನಿಗಳು ಜಾರಿದವು.

ಮರುದಿನ ಮುಂಜಾನೆ ಬಡಗಕ್ಕೆ ಹೊರಟಾಗ ಬಲಗಡೆ ಕೋಡಿ, ಕೋಟ ಪಡುಕರೆ. 1902ರಲ್ಲಿ ಶಿವರಾಮ ಕಾರಂತರು ಹುಟ್ಟಿದ್ದು ಕೋಟದಲ್ಲಿ. ಅವರ ಕಾದಂಬರಿ ‘ಮರಳಿ ಮಣ್ಣಿಗೆ’ಯ ಬದುಕು ನಡೆಯುವುದು ಈ ಕೋಡಿಯ ಮರಳಿನ ಮೇಲೆ. ಅಲ್ಲಿಯ ಜನ ಕಡಲಿಗೂ ಹೊಳೆಗೂ ನಡುವೆ ಎಷ್ಟು ಕಿರಿದಾದ ನೆಲ ನಂಬಿ ಬಾಳಿದರು ಎಂಬುದು ದೋಣಿಯಿಂದ ಒಂದೇ ನೋಟಕ್ಕೆ ತಿಳಿಯುತ್ತದೆ. ಪುಸ್ತಕ ಓದಿದ ನಾವು ನಾಲ್ವರೂ ಅಲ್ಲಿ ಎಂಜಿನ್ ಸಣ್ಣ ಮಾಡಿಸಿ ಕೊಂಚ ಹೊತ್ತು ತೇಲಿದೆವು. ದಡದಲ್ಲಿ ಕೈರಂಪಣಿ ಎಳೆಯುತ್ತಿದ್ದರು: ಎರಡು ಹಗ್ಗ, ಎರಡು ಸಾಲು ಜನ, ಒಂದೇ ಹೆಜ್ಜೆ. ಬಲೆಯ ತೇಲುಬುರುಡೆಗಳು ಅರ್ಧಚಂದ್ರವಾಗಿ ಕಿರಿದಾಗುತ್ತ ದಡ ಸೇರಿದವು. ಇನ್ನು ಮುಂದೆ ಕಂತುಬಲೆಗಳ ಸಾಲು. ಅವನ್ನು ಸುತ್ತಿ ಹೋಗಲು ಆಗದ ಕಡೆ ತಾಂಡೇಲರು ಹತ್ತಿರ ಬರುತ್ತಲೇ ಎಂಜಿನ್ ನಿಲ್ಲಿಸಿ ಮೇಲೆತ್ತುತ್ತಿದ್ದರು. ದೋಣಿ ಓಡಿದ ರಭಸದಲ್ಲೇ ಬಲೆಯ ಮೇಲೆ ಸದ್ದಿಲ್ಲದೆ ಜಾರಿ ಆಚೆ ಹೋಗುತ್ತಿತ್ತು. ಬಲೆ ಯಾರದೋ, ಆದರೆ ಅದರ ಒಂದು ಕಣ್ಣೂ ಹರಿಯಬಾರದು. ಆ ಮರ್ಯಾದೆಯನ್ನು ನೋಡುವುದೇ ಒಂದು ಸಂತೋಷ.

ಕುಂದಾಪುರದ ಕೋಡಿಯ ದೀಪಸ್ತಂಭ ದಾಟಿದರೆ ಗಂಗೊಳ್ಳಿ ಅಳಿವೆ. ಭರತ ತುಂಬಿದ್ದರಿಂದ ಈ ಬಾರಿ ಕಾಯಬೇಕಾಗಲಿಲ್ಲ. ಅಳಿವೆಯ ಬಾಯಲ್ಲೇ ಬೂದುಬಣ್ಣದ ಡಾಲ್ಫಿನ್‌ಗಳು, ಬೆನ್ನಿನ ಗೂನು ಕಾಣಿಸಿ ಮುಳುಗಿದವು. ಅಳಿವೆಯ ಆಳವಿಲ್ಲದ ನೀರೇ ಅವಕ್ಕೆ ಪ್ರಿಯ. ಒಳಗೆ ಪಂಚಗಂಗಾವಳಿ. ಸೌಪರ್ಣಿಕಾ, ಚಕ್ರಾ, ವಾರಾಹಿ ಸೇರಿ ಐದು ಹೊಳೆಗಳು ಇಲ್ಲಿ ಒಂದಾಗುತ್ತವೆ. ಕೊಲ್ಲೂರಿನಿಂದ ಇಳಿದ ಸೌಪರ್ಣಿಕಾ ಮರವಂತೆಯಲ್ಲಿ ಕಡಲಿಗೆ ಒಂದು ರಸ್ತೆಯಷ್ಟೇ ದೂರಕ್ಕೆ ಬಂದು, ಮತ್ತೆ ತಿರುಗಿ, ತೆಂಕಕ್ಕೆ ಹರಿದು ಇಲ್ಲಿಗೆ ಸೇರುತ್ತದೆ. ಮರವಂತೆಯನ್ನು ಸಾವಿರ ಸಲ ಹಾದವರಿಗೂ ಆ ಹೊಳೆ ಕಡೆಗೆ ಎಲ್ಲಿ ಕಡಲು ಸೇರಿತು ಎಂಬುದು ಇಲ್ಲಿಗೆ ಬಂದಾಗಲೇ ಕಾಣುತ್ತದೆ.

ಮೂರು ಕಡೆ ನೀರಿರುವ ಕುಂದಾಪುರವನ್ನು ಹೊಳೆಯ ನಡುವಿನಿಂದ ನೋಡಿದಾಗ ಅದು ಯಾಕೆ ಅಲ್ಲಿದೆ ಎಂಬುದಕ್ಕೆ ವಿವರಣೆ ಬೇಡ. ಒಳನಾಡಿನ ಐದು ನೀರದಾರಿಗಳು ಕೂಡುವ ಬಾಗಿಲು ಅದು. ವಾರಾಹಿಯಲ್ಲಿ ಸ್ವಲ್ಪ ಮೇಲಕ್ಕೆ ಹೋದರೆ ಬಸರೂರು. ಅರಬ್ಬಿ ಕಡಲಿನ ವ್ಯಾಪಾರದಲ್ಲಿ ಶತಮಾನಗಳ ಕಾಲ ಹೆಸರಾಗಿದ್ದ ಪಟ್ಟಣ. 1665ರಲ್ಲಿ ಶಿವಾಜಿಯ ನೌಕಾಪಡೆ ಮಾಲ್ವಣದಿಂದ ಬಂದು ನುಗ್ಗಿದ್ದು ಆ ಬಸರೂರಿಗೆ. ಇಂದು ಆ ಊರಿಗೆ ಬಸ್ಸಿನಲ್ಲಿ ಹೋದವರು ಒಂದು ಒಳನಾಡಿನ ಹಳ್ಳಿ ನೋಡಿದೆವು ಎಂದುಕೊಂಡು ಮರಳುತ್ತಾರೆ. ನಮ್ಮ ದೋಣಿ ನಿಂತಿದ್ದ ಜಾಗದಿಂದ ನೋಡಿದರೆ ಅದು ಬಂದರು, ಸಂಶಯವೇ ಇಲ್ಲ. ಗಂಗೊಳ್ಳಿಯ ಧಕ್ಕೆಗೆ ಹಗ್ಗ ಎಸೆದಾಗ ಇನ್ನೂ ಮಧ್ಯಾಹ್ನವಾಗಿರಲಿಲ್ಲ.

ಓದುವವರಲ್ಲಿ ಹೋಗಬೇಕು ಅನ್ನಿಸಿದವರಿಗೆ ಕೆಲವು ಮಾತು. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಕಡಲು ಶಾಂತ. ಮಳೆಗಾಲದ ಕಡಲಿಗೆ ವಿಹಾರದ ಆಸೆಯಿಂದ ಇಳಿಯಲೇಬಾರದು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧವಿರುವ ಕಾಲ. ಯಾರು ಯಾರು, ಎಲ್ಲಿಂದ ಎಲ್ಲಿಗೆ ಎಂಬುದನ್ನು ಕರಾವಳಿ ಕಾವಲು ಪೊಲೀಸರಿಗೆ ಮೊದಲೇ ತಿಳಿಸಿ, ಅನುಮತಿಯಿರುವ ದೋಣಿಯಲ್ಲೇ ಹೋಗಿ. ಧಕ್ಕೆ ಬಿಡುವ ಮುನ್ನ ಲೈಫ್ ಜಾಕೆಟ್ ಕಟ್ಟಿಕೊಳ್ಳಿ, ಬಿಚ್ಚುವುದು ಮತ್ತೆ ಧಕ್ಕೆ ಹತ್ತಿದ ಮೇಲೆ. ದ್ವೀಪದ ಕಲ್ಲು, ಚಿಪ್ಪು ತರಬೇಡಿ. ಒಯ್ದ ಪ್ಲಾಸ್ಟಿಕ್ಕನ್ನೆಲ್ಲ ಮರಳಿ ತನ್ನಿ. ಒಂದೇ ದೋಣಿಗಿಂತ ಎರಡು ಮೂರು ಜೊತೆಗಿದ್ದರೆ ಆಪತ್ತಿಗೂ ಒಳ್ಳೆಯದು, ಗೆಳೆತನಕ್ಕೂ ಒಳ್ಳೆಯದು. ಆ ನೀರು ಬಲ್ಲ ತಾಂಡೇಲರನ್ನು ಕರೆದುಕೊಳ್ಳಿ, ಅವರು ಕಾಯಿರಿ ಅಂದಲ್ಲಿ ಕಾಯಿರಿ. ಕರಾವಳಿಯ ಸವಿಯಲ್ಲಿ ಅರ್ಧಪಾಲು ಇರುವುದೇ ಆ ಕಾಯುವಿಕೆಯಲ್ಲಿ.